ಓದುಗರ ಪ್ರಶ್ನೆ, ನಮ್ಮ ಉತ್ತರ: ಹೆಸರು ಹಿಡಿದು ಕರೆಯುವ ಪಾಠ

ಭಾನುವಾರ ಶಾಲೆಯಲ್ಲಿ, ದೃಢೀಕರಣದ (ತಮ್ಮ ವಿಶ್ವಾಸವನ್ನು ತಾವೇ ಸಭೆಯ ಮುಂದೆ ಒಪ್ಪಿಕೊಳ್ಳುವ ವಿಧಿಯ) ತರಗತಿಯಲ್ಲಿ ಮತ್ತು ಕ್ರೈಸ್ತ ಸಂಸ್ಥೆಗಳ ಶಾಲೆಗಳಲ್ಲಿ ಕಲಿಸುತ್ತಿರುವವರು ಬರೆದ ಐದು ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಇಚ್ಛೆಯಂತೆ ಯಾರ ಹೆಸರನ್ನೂ ಕೊಟ್ಟಿಲ್ಲ.

ಪ್ರಶ್ನೆ: ನಮ್ಮದು ಹಳ್ಳಿಯ ಸಣ್ಣ ಸಭೆ. ಭಾನುವಾರ ಶಾಲೆಗೆ ಆರರಿಂದ ಹದಿನಾಲ್ಕು ವರ್ಷದವರೆಗಿನ 22 ಮಕ್ಕಳು ಬರುತ್ತಾರೆ; ಕೋಣೆ ಒಂದೇ, ಶಿಕ್ಷಕಿ ನಾನೊಬ್ಬಳೇ, ಆರಾಧನೆಗೆ ಮುಂಚೆ ಸಿಗುವುದು 45 ನಿಮಿಷ. ಬಾಯಿಪಾಠ ವಚನಗಳನ್ನು ಮಕ್ಕಳು ಚೆನ್ನಾಗಿ ಒಪ್ಪಿಸುತ್ತಾರೆ, ಆದರೆ ಅವರಲ್ಲಿ ಒಬ್ಬರ ಮನಸ್ಸಿನಲ್ಲಾದರೂ ಏನಿದೆಯೆಂದು ನನಗೆ ತಿಳಿಯದು. ಹಿಂದಿನ ಸಾಲಿನಲ್ಲಿ ಕೂರುವ ಒಬ್ಬ ಹುಡುಗ ಒಂದು ವರ್ಷದಿಂದ ಬಾಯಿಯನ್ನೇ ಬಿಟ್ಟಿಲ್ಲ. ಇಷ್ಟು ಜನರಲ್ಲಿ ಒಬ್ಬೊಬ್ಬರನ್ನೂ ತಲುಪುವುದು ಹೇಗೆ? ಈಚೆಗೆ ನನ್ನ ಪಾಠವೇ ನನಗೆ ಬೇಸರ ತರಿಸುತ್ತಿದೆ. (ಶಿಕ್ಷಕಿ, ಹಾಸನ ಜಿಲ್ಲೆ)

ಉತ್ತರ: ಪ್ರಿಯ ಸಹೋದರಿ, ನಿಮ್ಮ ಪತ್ರವನ್ನು ಓದುವಾಗ ನನ್ನದೇ ಒಂದು ಹಳೆಯ ಭಾನುವಾರ ಕಣ್ಣ ಮುಂದೆ ಬಂತು. ಕಲಿಸತೊಡಗಿದ ಆರಂಭದ ವರ್ಷಗಳಲ್ಲಿ ನಾನು ಬೈಬಲಿನ 23ನೆಯ ಕೀರ್ತನೆಯನ್ನು ಇಡೀ ತರಗತಿಯಿಂದ ಒಟ್ಟಾಗಿ ಹೇಳಿಸುತ್ತಿದ್ದೆ, ಮಕ್ಕಳ ಧ್ವನಿ ಒಂದಾಗಿ ಏಳುವಾಗ ಕಲಿಸಿದ್ದು ಸಾರ್ಥಕವಾಯಿತೆಂದು ಭಾವಿಸುತ್ತಿದ್ದೆ. ಒಂದು ದಿನ ಜೋರು ಮಳೆ ಬಂದು ನಾಲ್ವರೇ ಮಕ್ಕಳು ಬಂದರು. ಹಾಡು, ಆಟ ಯಾವುದೂ ನಡೆಯುವಂತಿರಲಿಲ್ಲವಾದ್ದರಿಂದ, ಕೀರ್ತನೆಯ ಮೊದಲ ಸಾಲನ್ನು ತಮ್ಮ ಮಾತಿನಲ್ಲಿ ಹೇಳುವಂತೆ ಒಬ್ಬೊಬ್ಬರನ್ನೇ ಕೇಳಿದೆ. ಒಂಬತ್ತು ವರ್ಷದ ಹುಡುಗನೊಬ್ಬ, ‘ದೇವರು ಕುರುಬ, ಆದರೂ ನನಗೆ ಕೊರತೆ ಬಂತು’ ಎಂದನು. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು’ ಎಂಬ ಸಾಲನ್ನು ಅವನು ಎರಡು ವರ್ಷ ಒಂದಕ್ಷರವೂ ತಪ್ಪದೆ ಹೇಳಿದ್ದನು. ‘ಕೊರತೆಪಡೆನು’ ಎಂದರೆ ಕೊರತೆಪಡುವುದಿಲ್ಲ ಎಂದರ್ಥ. ‘ಅರಿಯೆನು’, ‘ಒಲ್ಲೆನು’ ಎಂಬಂತೆ ಅದು ಹಳೆಯ ನಿಷೇಧ ರೂಪ. ಮನೆಯಲ್ಲಿಯೂ ಶಾಲೆಯಲ್ಲಿಯೂ ಆ ರೂಪವನ್ನು ಕೇಳಿರದ ಮಗುವಿನ ಕಿವಿಗೆ ಅದು ‘ಕೊರತೆ ಪಡೆದೆನು’ ಎಂದೇ ಬಿದ್ದಿತ್ತು.

ನಾನು ಅವಸರದಿಂದ ವ್ಯಾಕರಣವನ್ನು ತಿದ್ದಿದೆ. ಅವನು ತಲೆಯಾಡಿಸಿ ಸುಮ್ಮನಾದನು. ಆ ವರ್ಷ ಅವನ ತಂದೆಗೆ ಕೆಲಸ ತಪ್ಪಿ ಮನೆಯಲ್ಲಿ ಬಹಳ ಕಷ್ಟವಾಗಿತ್ತೆಂಬುದು ವಾರಗಳ ನಂತರ ನನಗೆ ತಿಳಿಯಿತು. ಅವನು ಆ ವಚನದಲ್ಲಿ ತನ್ನ ಮನೆಯನ್ನೇ ಕಂಡಿದ್ದನು. ಕೊರತೆ ಬಂದರೂ ದೇವರು ಕುರುಬನೇ ಎಂದು ನಂಬಿದ್ದನು. ನಾನು ಮೊದಲು ಕೇಳಬೇಕಾಗಿದ್ದದ್ದು ‘ಏನು ಕೊರತೆ ಬಂತಪ್ಪಾ?’ ಎಂದು. ವ್ಯಾಕರಣವನ್ನು ಅದಾದ ಮೇಲೆ ಹೇಳಬಹುದಾಗಿತ್ತು. ಒಟ್ಟಾಗಿ ಹೇಳಿಸುವ ಪಾಠದಲ್ಲಿ ಒಂದು ಮಗು ವಚನವನ್ನು ಎಷ್ಟು ತಪ್ಪಾಗಿ ತಿಳಿದಿದೆಯೆಂಬುದೂ, ಆ ತಪ್ಪಿನೊಳಗೆ ಎಷ್ಟು ದೊಡ್ಡ ನಂಬಿಕೆಯಿದೆಯೆಂಬುದೂ ಕಲಿಸುವವರಿಗೆ ಕಾಣುವುದಿಲ್ಲ.

ಸುವಾರ್ತೆಗಳಲ್ಲಿ ಯೇಸು ಜನರ ಗುಂಪಿಗೆ ಬೋಧಿಸಿದ್ದು ಉಂಟು. ಆದರೆ ಒಬ್ಬರೊಡನೆ ಮಾತಾಡುವಾಗ ಆತನು ಬಹಳ ಸಲ ಕೇಳುವುದರಿಂದಲೇ ಆರಂಭಿಸುತ್ತಾನೆ. ಎಮ್ಮಾಹುವಿನ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರ ಜೊತೆ ಸೇರಿಕೊಂಡು ಮೊದಲು ಅವರು ಏನು ಮಾತಾಡಿಕೊಳ್ಳುತ್ತಿದ್ದಾರೆಂದು ವಿಚಾರಿಸುತ್ತಾನೆ, ಅವರ ದುಃಖವನ್ನೂ ಭಂಗವಾದ ನಿರೀಕ್ಷೆಯನ್ನೂ ಪೂರ್ತಿಯಾಗಿ ಕೇಳಿಸಿಕೊಳ್ಳುತ್ತಾನೆ, ಆಮೇಲೆ ಶಾಸ್ತ್ರವನ್ನು ಬಿಡಿಸಿ ಹೇಳುತ್ತಾನೆ. ಕುರುಡನಾದ ಬಾರ್ತಿಮಾಯನಿಗೆ ಬೇಕಾದದ್ದೇನೆಂಬುದು ನೋಡಿದವರಿಗೆಲ್ಲ ಗೊತ್ತಿದ್ದರೂ, ತಾನು ಅವನಿಗೆ ಏನು ಮಾಡಬೇಕೆಂದು ಅವನ ಬಾಯಿಂದಲೇ ಕೇಳುತ್ತಾನೆ. ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದ ಕುರುಬನು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ. ಆದ್ದರಿಂದ ಒಬ್ಬೊಬ್ಬರನ್ನು ತಿಳಿಯುವುದು ಸಮಯ ಉಳಿದರೆ ಮಾಡಬಹುದಾದ ಹೆಚ್ಚಿನ ಕೆಲಸವಲ್ಲ, ಪಾಠವೇ ಅಲ್ಲಿಂದ ಶುರುವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ನಿಮ್ಮ ಬೇಸರದ ಮಾತು. ಸುಮಾರು ಕ್ರಿ.ಶ. 400ರಲ್ಲಿ ಉತ್ತರ ಆಫ್ರಿಕದ ಕಾರ್ತೇಜ್ ನಗರದ ದೇವೊಗ್ರಾತಿಯಾಸ್ ಎಂಬ ಸಭಾಸೇವಕನೊಬ್ಬನು ಹಿಪ್ಪೋ ನಗರದ ಬಿಷಪ್ಪನಾಗಿದ್ದ ಅಗಸ್ತೀನನಿಗೆ ಇಂಥದೇ ಪತ್ರ ಬರೆದನು. ಹೊಸಬರಿಗೆ ವಿಶ್ವಾಸದ ಮೊದಲ ಪಾಠಗಳನ್ನು ಹೇಳಿಕೊಡುವಾಗ ತನ್ನ ಮಾತು ಉದ್ದವಾಗುತ್ತದೆ, ರುಚಿ ಕೆಡುತ್ತದೆ, ಕೇಳುವವರಿಗಿರಲಿ ತನಗೇ ಸಾಕೆನಿಸುತ್ತದೆ ಎಂಬುದು ಅವನ ಅಳಲು. ಅಗಸ್ತೀನನು ಉತ್ತರವಾಗಿ ಒಂದು ಪುಸ್ತಕವನ್ನೇ ಬರೆದನು. ತನ್ನ ಮಾತು ತನಗೂ ಬಹುಮಟ್ಟಿಗೆ ಹಿಡಿಸುವುದಿಲ್ಲವೆಂದು ಮೊದಲೇ ಒಪ್ಪಿಕೊಂಡು ಅವನಿಗೆ ಧೈರ್ಯ ಹೇಳಿದನು. ಬಂದವನು ಯಾವ ಉದ್ದೇಶದಿಂದ ಬಂದಿದ್ದಾನೆಂದು ತಿಳಿದುಕೊ, ಅಲ್ಲಿಂದ ಮಾತು ಆರಂಭಿಸು, ನಿಂತು ಕೇಳಿ ದಣಿದಿದ್ದರೆ ಕೂರಿಸು ಎಂದು ಹೇಳಿದನು. ಪ್ರೀತಿಯು ಎಲ್ಲರಿಗೂ ಸಲ್ಲಬೇಕಾದದ್ದು, ಆದರೆ ಔಷಧಿ ಎಲ್ಲರಿಗೂ ಒಂದೇ ಅಲ್ಲ ಎಂಬುದು ಆ ಪುಸ್ತಕದ ತಿರುಳು. ಬೇಸರಕ್ಕೆ ಅವನು ಹೇಳಿದ ಮದ್ದು ಎರಡು ಚಿತ್ರಗಳಲ್ಲಿದೆ. ತಾಯಿಯು ತಾನು ದೊಡ್ಡ ತುತ್ತು ಉಣ್ಣುವುದಕ್ಕಿಂತ ಮಗುವಿನ ಬಾಯಿಗೆ ಸಣ್ಣ ಸಣ್ಣ ತುತ್ತು ಇಡುವುದರಲ್ಲಿ ಹೆಚ್ಚು ಸುಖ ಕಾಣುತ್ತಾಳೆ. ನಾವು ನೂರು ಸಲ ನೋಡಿದ ಊರನ್ನು ಮೊದಲ ಸಲ ಬಂದ ಸ್ನೇಹಿತನಿಗೆ ತೋರಿಸುವಾಗ ಅವನ ಬೆರಗಿನಿಂದ ಅದು ನಮಗೂ ಹೊಸದಾಗುತ್ತದೆ. ಹಾಗಾದರೆ ನಿಮ್ಮ ಬೇಸರ ಕಳೆಯುವ ದಾರಿಯೂ ಆ ಮಕ್ಕಳ ಮುಖದಲ್ಲಿಯೇ ಇದೆ.

ಈಗ ನಡೆಸಬಹುದಾದ ಕ್ರಮ. 45 ನಿಮಿಷವನ್ನು 22 ಮಕ್ಕಳಿಗೆ ಹಂಚಿದರೆ ತಲೆಗೆ ಎರಡು ನಿಮಿಷ ಬರುತ್ತದೆ, ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಹಾಗೆ ಹಂಚಬೇಡಿ. ಪ್ರತಿ ಭಾನುವಾರ ಇಬ್ಬರು ಮಕ್ಕಳನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳಿ. 11 ವಾರಗಳಲ್ಲಿ ಒಂದು ಸುತ್ತು ಮುಗಿಯುತ್ತದೆ, ವರ್ಷಕ್ಕೆ ನಾಲ್ಕು ಸುತ್ತಾದರೂ ಆಗುತ್ತದೆ. ಕಾಲು ಗಂಟೆ ಮುಂಚೆ ಹೋಗಿ ಬಾಗಿಲಲ್ಲಿ ನಿಂತು ಎಲ್ಲರನ್ನೂ ಹೆಸರು ಹಿಡಿದು ಕರೆಯಿರಿ, ಆ ಇಬ್ಬರನ್ನು ಮಾತ್ರ ಚಾಪೆ ಹಾಸಲೋ ಹಾಡಿನ ಪುಸ್ತಕ ಹಂಚಲೋ ಜೊತೆಗೆ ಸೇರಿಸಿಕೊಳ್ಳಿ. ಎದುರಿಗೆ ಕೂರಿಸಿ ಪ್ರಶ್ನೆ ಕೇಳಿದರೆ ಮುದುಡುವ ಮಗು ಕೈಗೆ ಕೆಲಸ ಸಿಕ್ಕಾಗ ತಾನಾಗಿ ಮಾತಾಡುತ್ತದೆ. ಮನೆಗೆ ಹೋದ ಮೇಲೆ ಒಂದು ನೋಟುಪುಸ್ತಕದಲ್ಲಿ ಮಗುವಿಗೊಂದು ಪುಟದಂತೆ ಎರಡು ಸಾಲು ಬರೆದಿಡಿ: ಅಜ್ಜಿಗೆ ಕಾಯಿಲೆ, ಗಣಿತದ ಭಯ, ಕತ್ತಲೆಯ ಭಯ, ಹೊಸ ಕರು ಹಾಕಿದ ಹಸು. ಆ ಪುಸ್ತಕ ನಿಮ್ಮ ಪ್ರಾರ್ಥನೆಗೆ ಮಾತ್ರ, ಯಾರಿಗೂ ತೋರಿಸಬಾರದು. ಮುಂದಿನ ಸಲ ‘ಕರು ಹೇಗಿದೆ?’ ಎಂದು ಕೇಳಿ ನೋಡಿ.

ಪಾಠದ ಪ್ರಶ್ನೆಗಳನ್ನೂ ಸ್ವಲ್ಪ ಬದಲಿಸಬೇಕಾಗುತ್ತದೆ. ‘ಜಕ್ಕಾಯನು ಯಾವ ಮರವನ್ನು ಹತ್ತಿದನು?’ ಎಂಬುದಕ್ಕೆ ಇಡೀ ಕೋಣೆ ಒಂದೇ ಉತ್ತರ ಕೂಗುತ್ತದೆ. ‘ಆ ಮರದ ಮೇಲೆ ಅವನ ಜಾಗದಲ್ಲಿ ನೀನಿದ್ದರೆ, ಯೇಸು ನಿನ್ನ ಹೆಸರು ಕೂಗಿದಾಗ ಇಳಿಯುತ್ತಿದ್ದೆಯಾ, ಇಲ್ಲವೇ ಎಲೆಯ ಮರೆಗೆ ಸರಿಯುತ್ತಿದ್ದೆಯಾ?’ ಎಂದು ಕೇಳಿದರೆ 22 ಉತ್ತರಗಳು ಬರುತ್ತವೆ, ಮತ್ತು ಅವುಗಳಲ್ಲಿ ತಪ್ಪು ಉತ್ತರವಿರುವುದಿಲ್ಲ. ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರನು 1529ರಲ್ಲಿ ಬರೆದ ಕಿರಿಯ ಉಪದೇಶ ಗ್ರಂಥದಲ್ಲಿ ದಶಾಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆಗಳ ಒಂದೊಂದು ಮಾತಿನ ಹಿಂದೆಯೂ ‘ಇದು ಏನು?’ ಎಂಬ ಪ್ರಶ್ನೆ ಬರುತ್ತದೆ, ಅದನ್ನು ಮನೆಯ ಯಜಮಾನನು ತನ್ನ ಮನೆಯವರಿಗೆ ಕಲಿಸಬೇಕೆಂಬುದು ಅವನ ಉದ್ದೇಶವಾಗಿತ್ತು. ನಾವು ಆ ಪ್ರಶ್ನೋತ್ತರವನ್ನು ಮನೆಯ ಜಗಲಿಯಿಂದ ಎತ್ತಿ ತಂದು ಪರೀಕ್ಷೆಯ ಕೋಣೆಯಲ್ಲಿ ಇಟ್ಟಿದ್ದೇವೆ. ಹಿಂದೆ ನಮ್ಮ ಹಳ್ಳಿಯ ಸಭೆಗಳ ಉಪದೇಶಿಗಳು ಮನೆಮನೆಗೆ ಹೋಗಿ ಕಲಿಸುತ್ತಿದ್ದರು. ಅವರಿಗೆ ಮಗುವಿನ ಹೆಸರಿನ ಜೊತೆಗೆ ಮನೆಯ ಒಲೆಯಲ್ಲಿ ಬೆಂಕಿಯಿದೆಯೋ ಇಲ್ಲವೋ ಎಂಬುದೂ ತಿಳಿದಿರುತ್ತಿತ್ತು. ತಿಂಗಳಿಗೆ ಎರಡು ಮನೆಗಳಿಗಾದರೂ ನೀವು ಹೋಗಿ ಬನ್ನಿರಿ.

ಹಿಂದಿನ ಸಾಲಿನ ಹುಡುಗನ ವಿಷಯ. ಅವನನ್ನು ಎಬ್ಬಿಸಿ ನಿಲ್ಲಿಸಿ ಮಾತಾಡಿಸಬೇಡಿ, ‘ನೀನೇಕೆ ಮಾತಾಡುವುದಿಲ್ಲ?’ ಎಂದು ಎಲ್ಲರೆದುರು ಖಂಡಿತ ಕೇಳಬೇಡಿ. ಒಂದು ವರ್ಷದಿಂದ ಬಾಯಿ ಬಿಡದವನು ಒಂದು ವರ್ಷದಿಂದ ತಪ್ಪದೆ ಬರುತ್ತಿದ್ದಾನೆಂಬುದನ್ನು ಮೊದಲು ಗಮನಿಸಿರಿ. ಅವನಿಗೆ ಓದು ಕಷ್ಟವಿರಬಹುದು, ಕಿವಿ ಮಂದವಿರಬಹುದು, ಮನೆಯಲ್ಲಿ ಏನಾದರೂ ನಡೆದಿರಬಹುದು. ತಾಯಿತಂದೆಯನ್ನು ಕಂಡು ಮಾತಾಡಿ. ಅವನಿಗೆ ಚಿತ್ರ ಬರೆಯಲು ಕಾಗದ ಕೊಡಿ, ಗಂಟೆ ಬಾರಿಸುವ ಕೆಲಸ ಕೊಡಿ, ಪ್ರತಿ ವಾರ ಹೆಸರು ಹಿಡಿದು ಕರೆದು ಉತ್ತರಕ್ಕೆ ಕಾಯದೆ ಮುಂದೆ ಹೋಗಿ. ಬಾಲಕನಾದ ಸಮುವೇಲನಿಗೆ ಯಾಜಕನಾದ ಏಲಿಯು ದೇವರ ಧ್ವನಿಯನ್ನು ಕೇಳಿಸಲಿಲ್ಲ, ಕೇಳಿಸಿದಾಗ ಏನನ್ನಬೇಕೆಂದು ಹೇಳಿಕೊಟ್ಟು ಮತ್ತೆ ಮಲಗಲು ಕಳುಹಿಸಿದನು. ನಾವೂ ಅಷ್ಟನ್ನೇ ಮಾಡಲು ಸಾಧ್ಯ.

ಪ್ರಶ್ನೆ: ಮಕ್ಕಳೊಡನೆ ಬೇರೆಬೇರೆಯಾಗಿ ಮಾತಾಡಬೇಕೆಂದು ತರಬೇತಿಯಲ್ಲಿ ಹೇಳುತ್ತಾರೆ. ಆದರೆ ನಮ್ಮ ಸಭೆಯ ಹಿರಿಯರು ಅದು ಬೇಡವೆನ್ನುತ್ತಾರೆ. ಯಾರ ಮಾತು ಸರಿ? (ಯುವ ಶಿಕ್ಷಕ, ಚಿಕ್ಕಮಗಳೂರು)

ಉತ್ತರ: ಹಿರಿಯರ ಎಚ್ಚರಿಕೆಗೆ ಕಾರಣವಿದೆ, ಅದನ್ನು ಅವಿಶ್ವಾಸವೆಂದು ತಿಳಿಯಬೇಡಿ. ಬೇರೆಯಾಗಿ ಮಾತಾಡುವುದೆಂದರೆ ಮರೆಯಲ್ಲಿ ಮಾತಾಡುವುದಲ್ಲ. ಇನ್ನೊಬ್ಬ ದೊಡ್ಡವರ ಕಣ್ಣಿಗೆ ಕಾಣುವ ಜಾಗದಲ್ಲಿ, ಬಾಗಿಲು ತೆರೆದಿಟ್ಟು, ದೇವಾಲಯದ ಮೆಟ್ಟಿಲ ಮೇಲೆ ಅಥವಾ ಅಂಗಳದ ಮರದ ಕೆಳಗೆ ಕೂತು ಮಾತಾಡಿ. ನಿಮ್ಮ ಮನೆಗೆ ಒಂದೇ ಮಗುವನ್ನು ಕರೆಯಬೇಡಿ, ವಾಹನದಲ್ಲಿ ಒಬ್ಬರನ್ನೇ ಕರೆದೊಯ್ಯಬೇಡಿ, ಪೋಷಕರಿಗೆ ತಿಳಿಯದ ವಾಟ್ಸಾಪ್ ಸಂದೇಶಗಳನ್ನು ಕಳುಹಿಸಬೇಡಿ. ‘ಇದನ್ನು ಯಾರಿಗೂ ಹೇಳುವುದಿಲ್ಲ’ ಎಂಬ ಮಾತನ್ನು ಮಗುವಿಗೆ ಎಂದೂ ಕೊಡಬೇಡಿ. ಯಾಕೆಂದರೆ 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ವಿಧಿಸುತ್ತದೆ. ಆರೋಪಕ್ಕೆ ಒಳಗಾದವರು ಸಭೆಯಲ್ಲಿ ಎಷ್ಟೇ ದೊಡ್ಡ ಸ್ಥಾನದಲ್ಲಿದ್ದರೂ ಅದನ್ನು ಸಭೆಯೊಳಗೇ ಸರಿಪಡಿಸಿಕೊಳ್ಳುವ ಮಾತು ಆಡಬಾರದು. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ತರಗತಿಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದು ಹಾಕಿರಿ.

ಪ್ರಶ್ನೆ: ನಮ್ಮ ಸಭೆಯ ಮಕ್ಕಳೆಲ್ಲ ಇಂಗ್ಲಿಷ್ ಮಾಧ್ಯಮದವರು. ಕನ್ನಡ ಬೈಬಲ್ ಓದಲು ಬಾರದು. ಕೆಲವರ ಮನೆಮಾತು ತಮಿಳು ಅಥವಾ ತೆಲುಗು. ಹಿರಿಯರು ಕನ್ನಡದಲ್ಲಿಯೇ ಕಲಿಸಿ ಎನ್ನುತ್ತಾರೆ, ಮಕ್ಕಳು ಇಂಗ್ಲಿಷಿನಲ್ಲಿ ಹೇಳಿ ಎನ್ನುತ್ತಾರೆ. (ಶಿಕ್ಷಕಿ, ಬೆಂಗಳೂರು)

ಉತ್ತರ: ನಿಮ್ಮ ಮಕ್ಕಳಲ್ಲಿ ಒಬ್ಬೊಬ್ಬರನ್ನೂ ಒಂದು ಪ್ರಶ್ನೆ ಕೇಳಿರಿ: ‘ಹೆದರಿಕೆಯಾದಾಗ ದೇವರನ್ನು ಯಾವ ಭಾಷೆಯಲ್ಲಿ ಕರೆಯುತ್ತೀ?’ ಶಾಲೆಯಲ್ಲಿ ನಿರರ್ಗಳವಾಗಿ ಇಂಗ್ಲಿಷ್ ಆಡುವ ಮಗು ‘ಅಮ್ಮನ ಭಾಷೆಯಲ್ಲಿ’ ಎನ್ನಬಹುದು. ಇನ್ನೊಂದು ಮಗುವಿಗೆ ಇಂಗ್ಲಿಷೇ ಆ ಭಾಷೆಯಾಗಿರಬಹುದು. ಆ ಉತ್ತರ ತಿಳಿಯದೆ ಇಡೀ ತರಗತಿಗೆ ಒಂದು ಭಾಷೆಯನ್ನು ಗೊತ್ತುಮಾಡುವುದು ಸರಿಯಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ವರ್ಷಗಟ್ಟಲೆಯ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಬಾಸೆಲ್ ಮಿಷನ್ನಿನ ಕಿಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಹೊರಬಂತು. ಕೇಳುವವರ ಭಾಷೆಗೆ ಇಳಿಯುವುದು ಕಲಿಸುವವರ ಹೊಣೆಯೆಂದು ಅವರು ತಿಳಿದಿದ್ದರು. ಇಂದು ಆ ಹೊಣೆ ನಿಮ್ಮದು.

ಹಾಗೆಂದು ಕನ್ನಡವನ್ನು ಬಿಟ್ಟುಬಿಡಿ ಎಂದು ನಾನು ಹೇಳಲಾರೆ. ಕಥೆಯನ್ನು ಮಕ್ಕಳಿಗೆ ತಿಳಿಯುವ ಭಾಷೆಯಲ್ಲಿ ಹೇಳಿ, ಆದರೆ ಕರ್ತನ ಪ್ರಾರ್ಥನೆಯನ್ನೂ ಎರಡು ಮೂರು ಕೀರ್ತನೆಗಳನ್ನೂ ಕನ್ನಡದಲ್ಲಿ, ಪದಪದವಾಗಿ ಅರ್ಥ ಬಿಡಿಸಿ ಕಲಿಸಿ. ಅಜ್ಜಿ ಹಾಸಿಗೆ ಹಿಡಿದಾಗ ಪಕ್ಕದಲ್ಲಿ ಕೂತು ಅವಳ ಭಾಷೆಯಲ್ಲಿ ಪ್ರಾರ್ಥಿಸಲು ಮೊಮ್ಮಗನಿಗೆ ಬರಬೇಕಲ್ಲವೇ? ಓದಲು ಬಾರದ ಮಗುವಿನಿಂದ ಎಲ್ಲರೆದುರು ಕನ್ನಡ ಬೈಬಲ್ ಓದಿಸುವ ಪದ್ಧತಿಯಿದ್ದರೆ ಈ ವಾರವೇ ನಿಲ್ಲಿಸಿರಿ.

ಪ್ರಶ್ನೆ: ನಾನು ಕ್ರೈಸ್ತ ಸಂಸ್ಥೆಯೊಂದರ ಪ್ರೌಢಶಾಲೆಯಲ್ಲಿ ನೀತಿಬೋಧೆ ಕಲಿಸುತ್ತೇನೆ. ಮಕ್ಕಳಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಒಬ್ಬ ವಿದ್ಯಾರ್ಥಿನಿ ಯೇಸುವಿನ ಬಗ್ಗೆ ಬೇರೆಯಾಗಿ ಕೇಳುತ್ತಿದ್ದಾಳೆ. ಎಷ್ಟು ಹೇಳಬಹುದು? (ಶಿಕ್ಷಕ, ಶಿವಮೊಗ್ಗ)

ಉತ್ತರ: ಸಂವಿಧಾನದ 28ನೆಯ ವಿಧಿಯ 3ನೆಯ ಖಂಡ ಇಲ್ಲಿ ಸ್ಪಷ್ಟವಾಗಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾರನ್ನೂ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಕೂರಿಸುವಂತಿಲ್ಲ, ಅಪ್ರಾಪ್ತ ವಯಸ್ಸಿನವರಾದರೆ ಪೋಷಕರ ಒಪ್ಪಿಗೆ ಬೇಕು. ಆದ್ದರಿಂದ ನೀತಿಬೋಧೆ ಎಲ್ಲರಿಗೂ ಸಲ್ಲುವ ನೀತಿಬೋಧೆಯಾಗಿಯೇ ಇರಲಿ. ಆ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ, ಇತಿಹಾಸದ ಅಥವಾ ನಂಬಿಕೆಯ ಮಾತಾಗಿ, ನೇರವಾದ ಚಿಕ್ಕ ಉತ್ತರ ಕೊಡಿ. ಹೆಚ್ಚು ತಿಳಿಯುವ ಆಸೆಯಿದ್ದರೆ ತಾಯಿತಂದೆಯೊಡನೆ ಮಾತಾಡುವಂತೆ ಹೇಳಿ. ಅವಳ ಮನೆಯವರಿಗೆ ತಿಳಿಯದಂತೆ ಪುಸ್ತಕ ಕೊಡುವುದು, ಪ್ರಾರ್ಥನೆಗೆ ಕರೆಯುವುದು, ಅಂಕದ ಅಥವಾ ಶುಲ್ಕದ ರಿಯಾಯಿತಿಯ ಮಾತನ್ನು ಇದರ ಜೊತೆ ಸೇರಿಸುವುದು ಕಾನೂನಿನ ದೃಷ್ಟಿಯಿಂದ ಮಾತ್ರವಲ್ಲ, ಸುವಾರ್ತೆಯ ದೃಷ್ಟಿಯಿಂದಲೂ ತಪ್ಪು. ಐಶ್ವರ್ಯವಂತನಾದ ಯುವಕನು ಮುಖ ಬಾಡಿಸಿಕೊಂಡು ಹೋದಾಗ ಯೇಸು ಅವನನ್ನು ಪ್ರೀತಿಸಿಯೂ ತಡೆಯಲಿಲ್ಲ. ಅವಳು ಯಾವ ಧರ್ಮದ ಮನೆಯವಳಾದರೂ ನಿಮ್ಮ ವಿದ್ಯಾರ್ಥಿನಿ. ಅವಳ ಓದು, ಆರೋಗ್ಯ, ಮುಂದಿನ ದಾರಿ ಇವುಗಳ ಬಗ್ಗೆ ನೀವು ತೋರುವ ಕಾಳಜಿಗೆ ಯಾವ ಷರತ್ತೂ ಇರಬಾರದು.

ಪ್ರಶ್ನೆ: ದೃಢೀಕರಣದ ತರಗತಿಯಲ್ಲಿ ಹದಿನಾರು ವರ್ಷದ ಒಬ್ಬ ಹುಡುಗ, ‘ಅಮ್ಮನಿಗಾಗಿ ಇಡೀ ಸಭೆ ಉಪವಾಸ ಮಾಡಿ ಪ್ರಾರ್ಥಿಸಿತು, ಆದರೂ ಅಮ್ಮ ತೀರಿಹೋದಳು, ಹಾಗಾದರೆ ಯಾರು ಕೇಳಿಸಿಕೊಂಡರು?’ ಎಂದನು. ದೇವರ ಚಿತ್ತವನ್ನು ಪ್ರಶ್ನಿಸಬಾರದೆಂದು ನಾನು ಉತ್ತರಿಸಿದೆ. ಅಂದಿನಿಂದ ಅವನು ಬಂದಿಲ್ಲ. ಎರಡು ತಿಂಗಳಲ್ಲಿ ಬಿಷಪ್ಪರು ಬರುತ್ತಾರೆ. ಏನು ಮಾಡಲಿ? (ಸಭಾ ಹಿರಿಯರು, ಧಾರವಾಡ)

ಉತ್ತರ: ಅಣ್ಣನವರೇ, ಪತ್ರ ಬರೆದದ್ದರಿಂದಲೇ ನಿಮ್ಮ ನೋವು ತಿಳಿಯುತ್ತದೆ. ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಲಾಜರನು ತೀರಿಕೊಂಡ ಮೇಲೆ ಮಾರ್ಥಳು ಯೇಸುವಿನ ಬಳಿಗೆ ಬಂದು, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂಬ ಅರ್ಥದ ಮಾತು ಹೇಳುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಅವಳ ಸಹೋದರಿ ಮರಿಯಳು ಬಂದು ಅದೇ ಮಾತನ್ನು ಹೇಳುತ್ತಾಳೆ. ಮಾತು ಒಂದೇ, ದುಃಖವೂ ಒಂದೇ. ಮಾರ್ಥಳಿಗೆ ಆತನು ಪುನರುತ್ಥಾನದ ಬೋಧನೆಯನ್ನು ಕೊಡುತ್ತಾನೆ. ಮರಿಯಳಿಗೆ ಬೋಧನೆಯೇ ಇಲ್ಲ, ಸಮಾಧಿ ಎಲ್ಲಿದೆಯೆಂದು ಕೇಳಿ ಕಣ್ಣೀರು ಬಿಡುತ್ತಾನೆ. ನೀವು ಆ ಹುಡುಗನಿಗೆ ಮಾರ್ಥಳ ಉತ್ತರವನ್ನೂ ಕೊಡಲಿಲ್ಲ, ಮರಿಯಳ ಉತ್ತರವನ್ನೂ ಕೊಡಲಿಲ್ಲ, ಬಾಯಿ ಮುಚ್ಚಿಸುವ ಉತ್ತರ ಕೊಟ್ಟಿರಿ. ಕಟುವಾಗಿ ಬರೆದಿದ್ದರೆ ಕ್ಷಮಿಸಿರಿ. ಅವನ ಪ್ರಶ್ನೆ ಕೀರ್ತನೆಗಳಲ್ಲಿಯೇ ಇದೆ. 13ನೆಯ ಕೀರ್ತನೆ ಇನ್ನೂ ಎಷ್ಟು ಕಾಲ ಮರೆತಿರುವೆಯೆಂದು ದೇವರನ್ನೇ ಕೇಳುತ್ತದೆ, 88ನೆಯ ಕೀರ್ತನೆ ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ. ಅವುಗಳನ್ನು ಪವಿತ್ರ ಶಾಸ್ತ್ರವೆಂದು ಓದುವ ನಾವು ಅದೇ ಮಾತನ್ನು ಮಗನೊಬ್ಬ ಆಡಿದಾಗ ಗದರಿಸಲಾಗದು.

ಅವನ ಮನೆಗೆ ಹೋಗಿರಿ, ಅವನ ತಂದೆ ಮನೆಯಲ್ಲಿರುವ ಹೊತ್ತಿಗೆ. ಬೈಬಲನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬೇಡಿ, ತರಗತಿಗೆ ಬಾ ಎಂದು ಕರೆಯಲೂ ಬೇಡಿ. ‘ಅಂದು ನಾನು ಹೇಳಿದ್ದು ತಪ್ಪಾಯಿತು’ ಎಂದು ಅವನಿಗೇ ಹೇಳಿ. ಹದಿನಾರು ವರ್ಷದವನ ಮುಂದೆ ಸಭೆಯ ಹಿರಿಯರು ಹೀಗೆ ಹೇಳುವುದು ನಮ್ಮಲ್ಲಿ ರೂಢಿಯಿಲ್ಲ, ಆದರೂ ಹೇಳಿ. ಆಮೇಲೆ ಅವನ ತಾಯಿಯ ಬಗ್ಗೆ ಕೇಳಿ: ಯಾವ ಹಾಡು ಅವರಿಗೆ ಇಷ್ಟವಾಗಿತ್ತು, ಕ್ರಿಸ್‌ಮಸ್ಸಿಗೆ ಏನು ಮಾಡುತ್ತಿದ್ದರು, ಆಸ್ಪತ್ರೆಯ ಕೊನೆಯ ದಿನಗಳಲ್ಲಿ ಅವನು ಎಲ್ಲಿದ್ದನು. ಅವನು ಮಾತಾಡದಿದ್ದರೆ ಅವನ ತಂದೆಯೊಡನೆ ಕೂತು ಕಾಫಿ ಕುಡಿದು ಬನ್ನಿರಿ, ಮುಂದಿನ ವಾರ ಮತ್ತೆ ಹೋಗಿರಿ. ‘ಯಾರು ಕೇಳಿಸಿಕೊಂಡರು?’ ಎಂದು ಅವನು ಮತ್ತೆ ಕೇಳಿದರೆ, ದೇವರು ಕೇಳಿಸಿಕೊಂಡನೆಂದು ನೀವು ನಂಬುವುದಾಗಿಯೂ, ಅಮ್ಮ ಏಕೆ ಉಳಿಯಲಿಲ್ಲವೆಂಬುದು ನಿಮಗೂ ತಿಳಿಯದೆಂದೂ ಹೇಳಿ; ಈ ಎರಡರಲ್ಲಿ ಒಂದನ್ನು ಮಾತ್ರ ಹೇಳಬೇಡಿ.

ಬಿಷಪ್ಪರು ಬರುವ ದಿನದ ಚಿಂತೆಯನ್ನು ಬಿಡಿ. ಆ ದಿನ ಅವನು ಎಲ್ಲರ ಜೊತೆ ಎದ್ದು ನಿಂತು ನಂಬುತ್ತೇನೆಂದು ಹೇಳಬೇಕಾಗುತ್ತದೆ, ಆ ಮಾತು ಅವನದೇ ಆಗಿರಬೇಕು. ಸಭೆಯ ಪಾದ್ರಿ ಅಯ್ಯನವರೊಡನೆ ಈಗಲೇ ಮಾತಾಡಿ ಅವನ ಹೆಸರನ್ನು ಈ ವರ್ಷದ ಪಟ್ಟಿಗೆ ಒತ್ತಾಯದಿಂದ ಸೇರಿಸದಂತೆ ನೋಡಿಕೊಳ್ಳಿ. ಬಂಧುಗಳು ಏನಾದರೂ ಅಂದರೆ ಆ ಮಾತನ್ನು ಅವನ ಕಿವಿಗೆ ಬೀಳದಂತೆ ನೀವೇ ತಡೆಯಿರಿ. ಬರುವ ವರ್ಷವೂ ದೃಢೀಕರಣದ ಆರಾಧನೆ ಇರುತ್ತದೆ, ಅದರ ಮುಂದಿನ ವರ್ಷವೂ ಇರುತ್ತದೆ.